ನೀರಿಗೆ ಸೇರಿದ ಆಯಿಲ್: ಹತ್ತು ಚಕ್ರದ ಲಾರಿಯೊಂದರ ಪ್ರಕರಣ ಅಧ್ಯಯನ

ಹಾಸನದ ಬಿ.ಎಂ. ರಸ್ತೆ ಬದಿಯ ನಮ್ಮ ಗ್ಯಾರೇಜಿಗೆ ಆ ಲಾರಿ ಬಂದದ್ದು ಆಲೂಗಡ್ಡೆ ಸುಗ್ಗಿಯ ಹೊತ್ತಿನಲ್ಲಿ. ಹತ್ತು ಚಕ್ರ, ಆರು ಸಿಲಿಂಡರಿನ ಟರ್ಬೊ ಡೀಸೆಲ್ ಇಂಜಿನ್, ಒಂಬತ್ತು ವರ್ಷದ ಗಾಡಿ. ಎಪಿಎಂಸಿಯಲ್ಲಿ ಆಲೂಗಡ್ಡೆ ತುಂಬಿಕೊಂಡು ಮಂಗಳೂರಿಗೆ ಇಳಿಯುತ್ತದೆ, ಬರುವಾಗ ಪಣಂಬೂರಿನಿಂದ ಗೊಬ್ಬರದ ಮೂಟೆ ಹೇರಿಕೊಂಡು ಶಿರಾಡಿ ಘಾಟಿ ಹತ್ತುತ್ತದೆ. ಇಳಿಯುವಾಗ ಏನೂ ತೊಂದರೆಯಿಲ್ಲ. ಹತ್ತುವಾಗ ಹೀಟ್.

"ಗುಂಡ್ಯ ದಾಟಿ ಎರಡನೇ ಗೇರಲ್ಲಿ ಎಳೀತಾ ಇದ್ರೆ ಮುಳ್ಳು ಸೀದಾ ಕೆಂಪಿಗೆ ಹೋಯ್ತದೆ ಮೇಸ್ತ್ರಿ. ಮಾರನಹಳ್ಳಿ ತಾವ ಸೈಡಿಗೆ ಹಾಕಿ ಒಂದು ಗಂಟೆ ಆರಿಸ್ಕೊಂಡು ಬಂದೆ" ಅಂದ ಡ್ರೈವರಣ್ಣ. ಐವತ್ತು ದಾಟಿದ ಮನುಷ್ಯ, ಗಾಡಿಯ ಸದ್ದಿನಲ್ಲೇ ಕಾಯಿಲೆ ಹೇಳಬಲ್ಲವನು. ಅಂಥವನ ಮಾತನ್ನು ನಾನು ಪೂರ್ತಿ ಕೇಳಿಸಿಕೊಂಡೇ ಬಾನೆಟ್ ಎತ್ತುವುದು.

ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಇಂಜಿನ್ ತಣಿಸುವ ನೀರು ತುಂಬುವ ಕಡೆಯ ಕ್ಯಾಪ್ ತೆಗೆದೆವು. ಒಳಗಿದ್ದದ್ದು ರಾಗಿ ಅಂಬಲಿಯ ಬಣ್ಣದ ಲೋಳೆ. ಬೆರಳು ಅದ್ದಿ ತೆಗೆದರೆ ಜಾರುವುದಿಲ್ಲ, ಅಂಟಿಕೊಂಡು ಎಳೆಯಾಗಿ ಬರುತ್ತದೆ. ಕ್ಯಾಪಿನ ಅಡಿಯ ರಬ್ಬರ್ ವಾಷರ್ ನೆನೆಸಿದ ಕಡಲೆಯಂತೆ ಊದಿತ್ತು. ಮೇಲಿನ ಹೋಸ್ ಪೈಪನ್ನು ಹಿಂಡಿದರೆ ಹಣ್ಣಾದ ಬಾಳೆಹಣ್ಣು ಹಿಡಿದ ಹಾಗೆ ಮೆತ್ತಗೆ.

ಹಿಂದಿನ ಕಥೆ ಕೇಳಿದೆ. ಒಂದೂವರೆ ತಿಂಗಳ ಹಿಂದೆ ಇದೇ ತೊಂದರೆಗೆ ದಾರಿಯಲ್ಲಿ ಸಿಕ್ಕ ಒಂದು ಗ್ಯಾರೇಜಿನಲ್ಲಿ ಹೆಡ್ (ಸಿಲಿಂಡರುಗಳ ಮೇಲಿನ ಮುಚ್ಚಳ) ಇಳಿಸಿ ಅದರಡಿಯ ಗ್ಯಾಸ್ಕೆಟ್ ಬದಲಿಸಿದ್ದರು. ರೇಡಿಯೇಟರಿಗೆ ಸೀಮೆಎಣ್ಣೆ, ಡೀಸೆಲ್ ಎರಡನ್ನೂ ಬೆರೆಸಿ ಸುರಿದು, ಅರ್ಧ ಗಂಟೆ ಓಡಿಸಿ, ಚೆಲ್ಲಿ, ಬೋರ್‌ವೆಲ್ ನೀರು ತುಂಬಿ ಕಳಿಸಿದ್ದರು. ಹತ್ತು ದಿನಕ್ಕೆ ಅಂಬಲಿ ವಾಪಸ್ ಬಂತು. ಈ ಹತ್ತು ದಿನದಲ್ಲಿ ಇಂಜಿನ್ನಿಗೆ ನಾಲ್ಕು ಲೀಟರ್ ಆಯಿಲ್ ಹೆಚ್ಚುವರಿ ಹಾಕಿದ್ದೇನೆ ಅಂತ ಡ್ರೈವರಣ್ಣ ಹೇಳಿದ. ನಮಗೆ ದಾರಿ ತೋರಿಸಿದ ಮೊದಲ ಮಾತು ಅದು. ಹೊಗೆಯಲ್ಲಿ ನೀಲಿ ಇಲ್ಲ, ನೆಲಕ್ಕೆ ತೊಟ್ಟಿಕ್ಕುತ್ತಿಲ್ಲ. ನಾಲ್ಕು ಲೀಟರ್ ಆಯಿಲ್ ಇನ್ನೆಲ್ಲಿಗೆ ಹೋಗುತ್ತದೆ? ನೀರಿಗೇ.

ಎಲ್ಲಿಂದ ಸೇರುತ್ತಿದೆ?

ನೀರಿನಲ್ಲಿ ಆಯಿಲ್ ಕಂಡ ಕೂಡಲೇ ಹೆಡ್ ಗ್ಯಾಸ್ಕೆಟ್ ಅನ್ನುವುದು ನಮ್ಮ ಕಸುಬಿನಲ್ಲಿ ಬಾಯಿಪಾಠ ಆಗಿಬಿಟ್ಟಿದೆ. ಹೆಡ್ ಇಳಿಸುವ ಮೊದಲು ಒಂದು ತಾಸು ಕೂತು ಯೋಚಿಸಿದರೆ ಎಷ್ಟೋ ಗಾಡಿಗಳ ದುಡ್ಡು ಉಳಿಯುತ್ತದೆ.

ಯೋಚಿಸುವುದು ಒತ್ತಡದ ಲೆಕ್ಕದಲ್ಲಿ. ಇಂಜಿನ್ ಓಡುವಾಗ ಆಯಿಲ್ ಪ್ರೆಶರ್ ಸುಮಾರು 4 ಬಾರ್ ಇರುತ್ತದೆ. ನೀರಿನ ಕಡೆ ಕ್ಯಾಪ್ ತಡೆದು ಹಿಡಿಯುವುದು ಹೆಚ್ಚೆಂದರೆ 1 ಬಾರ್. ಎರಡರ ನಡುವಿನ ಗೋಡೆಯಲ್ಲಿ ಸಣ್ಣ ತೂತು ಬಿದ್ದರೆ ಓಡುವಾಗ ಆಯಿಲ್ ನೀರಿನ ಕಡೆಗೆ ನುಗ್ಗುತ್ತದೆ. ಇಂಜಿನ್ ಆಫ್ ಮಾಡಿದ ಕೆಲವೇ ಕ್ಷಣದಲ್ಲಿ ಆಯಿಲ್ ಪ್ರೆಶರ್ ಸೊನ್ನೆ, ಆದರೆ ನೀರು ಬಿಸಿಯಿರುವವರೆಗೂ ಅದರ ಒತ್ತಡ ಉಳಿದಿರುತ್ತದೆ. ಆಗ ನೀರು ಆಯಿಲ್ ಕಡೆಗೆ ಜಿನುಗುತ್ತದೆ. ಈ ಲೆಕ್ಕ ಕೈಯಲ್ಲಿದ್ದರೆ ಅನುಮಾನಗಳು ಒಂದೊಂದಾಗಿ ಕಳಚುತ್ತವೆ. ಲೈನರ್ (ಪಿಸ್ಟನ್ ಓಡಾಡುವ ಕೊಳವೆ) ಕೆಳಗಿನ ರಬ್ಬರ್ ರಿಂಗ್ ಹೋಗಿದ್ದರೆ ನೀರು ಚೇಂಬರಿಗೆ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಇಳಿಯಬಹುದೇ ಹೊರತು ಆಯಿಲ್ ಮೇಲೆ ಬರಲಾರದು, ಯಾಕೆಂದರೆ ಅಲ್ಲಿ ಆಯಿಲಿಗೆ ಒತ್ತಡವೇ ಇಲ್ಲ. ಹೆಡ್ ಗ್ಯಾಸ್ಕೆಟ್ ಸಿಲಿಂಡರ್ ಕಡೆ ಸುಟ್ಟಿದ್ದರೆ ನೀರಿನಲ್ಲಿ ಹೊಗೆಯ ಗುಳ್ಳೆ ಏಳಬೇಕು, ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿದ ಎರಡೇ ನಿಮಿಷದಲ್ಲಿ ಹೋಸ್ ಕಲ್ಲಿನ ಹಾಗೆ ಬಿಗಿಯಬೇಕು. ಬ್ರೇಕಿಗೆ ಗಾಳಿ ತುಂಬುವ ಏರ್ ಕಂಪ್ರೆಸರ್ ಇದೆಯಲ್ಲ, ಅದರ ಹೆಡ್ಡಿನಲ್ಲೂ ಇಂಜಿನ್ ನೀರು ತಿರುಗುತ್ತದೆ. ಅಲ್ಲಿ ಗ್ಯಾಸ್ಕೆಟ್ ಹೋದರೂ ಗುಳ್ಳೆ ಏಳುತ್ತದೆ. ಕಾರು ಮೆಕ್ಯಾನಿಕ್‌ಗಳಿಗೆ ಇದು ಹೊಳೆಯುವುದಿಲ್ಲ, ಲಾರಿಯಲ್ಲಿ ಮರೆಯಬಾರದು.

ಆದರೆ ಲೋಳೆಯಲ್ಲಿ ಗುಳ್ಳೆ ಹೇಗೆ ಕಂಡೀತು? ಇದ್ದದ್ದನ್ನೆಲ್ಲ ಇಳಿಸಿ, ಬರೀ ನೀರು ತುಂಬಿ, ಕ್ಯಾಪ್ ತೆಗೆದಿಟ್ಟು ಇಂಜಿನ್ ಓಡಿಸಿದೆವು. ಹುಡುಗ ಟಾರ್ಚ್ ಹಿಡಿದು ಬಗ್ಗಿ ನಿಂತ. ಗುಳ್ಳೆ ಇಲ್ಲ. ರೇಸ್ ಕೊಟ್ಟರೂ ಇಲ್ಲ. ಥರ್ಮೋಸ್ಟಾಟ್ ವಾಲ್ವ್ ತೆರೆದು ನೀರು ತಿರುಗತೊಡಗಿದ ಮೇಲೆ, ಹಳೆಯ ಕಂದು ಕೊಳೆಯ ನಡುವೆ, ಕಾಡಿಗೆ ಕಡ್ಡಿಯಿಂದ ಎಳೆದ ಹಾಗೆ ಒಂದು ಕಪ್ಪು ಗೆರೆ ತೇಲಿ ಬಂತು. ಅದು ಹಳೆಯದಲ್ಲ, ಹೊಸ ಆಯಿಲ್. ನೋಡುತ್ತ ನೋಡುತ್ತ ಅಗಲವಾಯಿತು.

ಗುಳ್ಳೆ ಇಲ್ಲದೆ ಆಯಿಲ್ ಬರುತ್ತಿದೆ ಅಂದರೆ ಮೊದಲ ಅನುಮಾನ, ಇದೇ ನೀರಿನಿಂದ ಇಂಜಿನ್ ಆಯಿಲನ್ನು ತಣಿಸುವ ಆಯಿಲ್ ಕೂಲರ್ ಮೇಲೆ. ರಾತ್ರಿಯಿಡೀ ಗಾಡಿ ನಿಲ್ಲಿಸಿ ಬೆಳಿಗ್ಗೆ ಚೇಂಬರ್ ಬೋಲ್ಟನ್ನು ನಿಧಾನಕ್ಕೆ ಸಡಿಲಿಸಿದೆವು. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಮೊದಲು ಅರ್ಧ ಟೀ ಗ್ಲಾಸಿನಷ್ಟು ನೀರು ಬಂತು, ಆಮೇಲೆ ಆಯಿಲ್. ಆಯಿಲ್ ಮಟ್ಟ ನೋಡುವ ಗೇಜ್ ಕಡ್ಡಿ ಮಾತ್ರ ಅಲ್ಲಿಯವರೆಗೂ ಶುಭ್ರವಾಗಿಯೇ ಇತ್ತು. ಕಡ್ಡಿ ನೋಡಿ "ಆಯಿಲ್ ಚೆನ್ನಾಗೈತೆ" ಅಂದುಕೊಂಡು ಇನ್ನೊಂದು ತಿಂಗಳು ಓಡಿಸಿದ್ದರೆ ಬೇರಿಂಗ್ ಹೋಗುತ್ತಿತ್ತು.

ಕೂಲರ್ ಬಿಚ್ಚಿದೆವು. ಇಂಜಿನ್ ಬ್ಲಾಕಿನ ಪಕ್ಕದಲ್ಲಿ ಕವರ್ ಒಳಗೆ ಕೂತ, ತೆಳು ತಗಡುಗಳನ್ನು ಒಂದರ ಮೇಲೊಂದು ಬೆಸೆದ ಕೂಲರ್ ಅದು. ತಗಡಿನೊಳಗೆ ಆಯಿಲ್, ಹೊರಗೆ ನೀರು. ಒಂದು ತೂತು ಮುಚ್ಚಿ, ಇನ್ನೊಂದಕ್ಕೆ ಗಾಳಿ ಪೈಪ್ ಕೊಟ್ಟು, ತಣ್ಣೀರಿನ ಟಬ್ಬಿನಲ್ಲಿ ಮುಳುಗಿಸಿ 4 ಬಾರ್ ಗಾಳಿ ಬಿಟ್ಟೆವು. ಏನೂ ಬರಲಿಲ್ಲ. ಎಷ್ಟೋ ಕಡೆ ಇಲ್ಲಿಗೇ ಬಿಟ್ಟು, ಕೂಲರ್ ಸರಿಯಿದೆ ಅಂತ ಹೆಡ್ಡಿಗೆ ಕೈ ಹಾಕುತ್ತಾರೆ. ನಾವು ಹಂಡೆಯಲ್ಲಿ ನೀರು ಕಾಯಿಸಿ ಟಬ್ಬಿಗೆ ಸುರಿದು, ಕೂಲರನ್ನು ಹತ್ತು ನಿಮಿಷ ಅದರಲ್ಲೇ ಬಿಟ್ಟು, ಮತ್ತೆ ಗಾಳಿ ಕೊಟ್ಟೆವು. ಮೂರನೇ ತಗಡಿನ ಮೂಲೆಯಿಂದ ಸಾಸಿವೆ ಕಾಳಿಗಿಂತ ಸಣ್ಣ ಗುಳ್ಳೆಗಳು, ಮಣಿ ಪೋಣಿಸಿದ ಹಾಗೆ, ಒಂದೇ ಸಾಲಿನಲ್ಲಿ ಎದ್ದವು. ಬಿಸಿಗೆ ಲೋಹ ಹಿಗ್ಗಿದಾಗ ಮಾತ್ರ ಬಾಯಿ ಬಿಡುವ ಬಿರುಕು. ಡ್ರೈವರಣ್ಣ ಕುಕ್ಕರುಗಾಲಲ್ಲಿ ಕೂತು ಐದು ನಿಮಿಷ ಅದನ್ನೇ ನೋಡಿದ.

ಬಿರುಕಿನ ಸುತ್ತ ತಗಡಿನ ಮೇಲೆ ಸುಣ್ಣದ ಪದರ, ಅದರ ಕೆಳಗೆ ಸೂಜಿ ಚುಚ್ಚಿದಂಥ ತೂತುಗಳು. ವರ್ಷಗಟ್ಟಲೆ ಕೂಲೆಂಟ್ ಇಲ್ಲದೆ ಬೋರ್ ನೀರಿನಲ್ಲೇ ಓಡಿದ ಗುರುತು. ನಮ್ಮ ಹವೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲೆಂಟ್ ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಕೂಲೆಂಟಿನಲ್ಲಿ ತುಕ್ಕು ತಡೆಯುವ ಮದ್ದು ಇರುತ್ತದೆ. ಲೈನರ್ ನಡುಗುವಾಗ ಅದರ ಹೊರಮೈಯಲ್ಲಿ ಆವಿಯ ಗುಳ್ಳೆಗಳು ಎದ್ದು ಒಡೆದು ಲೋಹವನ್ನೇ ಕೊರೆಯುತ್ತವೆ. ಡೀಸೆಲ್ ಇಂಜಿನ್ನಿಗೆಂದೇ ಮಾಡಿದ ಕೂಲೆಂಟ್ ಅದನ್ನೂ ತಡೆಯುತ್ತದೆ. ಬೋರ್ ನೀರು ಇದ್ಯಾವುದನ್ನೂ ಮಾಡುವುದಿಲ್ಲ, ಸಾಲದ್ದಕ್ಕೆ ಸುಣ್ಣ ಕಟ್ಟುತ್ತದೆ.

ಬೆಸುಗೆ ಹಾಕಿಸಿ ಅಂತ ಓನರ್ ಕೇಳಿದರು. ಒಪ್ಪಲಿಲ್ಲ. ಅಷ್ಟು ತೆಳು ತಗಡಿಗೆ ಮತ್ತೆ ಬೆಂಕಿ ತೋರಿಸಿದರೆ ಪಕ್ಕದ ಬೆಸುಗೆ ಬಿಡುತ್ತದೆ. ಹೊಸ ಕೂಲರ್, ಹೊಸ ಗ್ಯಾಸ್ಕೆಟ್ ತರಿಸಿ ಕೂರಿಸಿದೆವು. ಆ ಭಾಗ ಅಷ್ಟೇ.

ತೊಳೆಯುವುದು

ಕೆಲಸ ನಿಜವಾಗಿ ಶುರುವಾದದ್ದು ಇಲ್ಲಿಂದ. "ಕೂಲರ್ ಆಯ್ತಲ್ಲ ಮೇಸ್ತ್ರಿ, ನೀರು ಬಿಟ್ಟು ಒಂದ್ಸಲ ತೊಳ್ದು ಸಂಜೆ ಬಿಟ್ಬುಡಿ, ಲೋಡ್ ಕಾಯ್ತಾ ಐತೆ" ಅಂದರು ಓನರ್. ಅವರ ಕಷ್ಟ ಗೊತ್ತು, ಕಂತು ಕಟ್ಟುವ ಗಾಡಿ ಒಂದು ದಿನ ನಿಂತರೂ ನಷ್ಟ. "ಗೌಡ್ರೆ, ಒಳಗೆ ಆಯಿಲ್ ಇಟ್ಕೊಂಡು ಘಾಟಿ ಹತ್ತಿಸಿದ್ರೆ ಹೆಡ್ ಬೆಂಡಾಗ್ತದೆ. ಮೂರು ದಿನ ಕೊಡಿ" ಅಂದೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು.

ಆಯಿಲ್ ಶಾಖ ಸಾಗಿಸುವುದು ನೀರಿನ ಸುಮಾರು ಕಾಲು ಭಾಗದಷ್ಟು ಮಾತ್ರ. ರೇಡಿಯೇಟರಿನ ಕೊಳವೆಗಳ ಒಳಗೆ ಅದು ತೆಳ್ಳಗೆ ಬಳಿದುಕೊಂಡರೂ ನೀರಿನ ಬಿಸಿ ಹೊರಗೆ ಹೋಗಲು ಕಂಬಳಿ ಹೊದಿಸಿದ ಹಾಗೆ. ಜೊತೆಗೆ ಕ್ಯಾಪಿನ ರಬ್ಬರ್ ಊದಿ ಒತ್ತಡ ಹಿಡಿಯುತ್ತಿರಲಿಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರ, ತೆರೆದ ಪಾತ್ರೆಯಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕ್ಯಾಪ್ 1 ಬಾರ್ ಹಿಡಿದರೆ ಕುದಿಯಲು 115 ಡಿಗ್ರಿ ದಾಟಬೇಕು. ಘಾಟಿಯಲ್ಲಿ ಮುಳ್ಳು ಕೆಂಪಿಗೆ ಹೋಗಲು ಈ ಎರಡೂ ಸೇರಿದ್ದವು.

ಸೀಮೆಎಣ್ಣೆ, ಡೀಸೆಲ್ ಯಾಕೆ ಬೇಡ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದನ್ನು ಇನ್ನೂ ಮಾಡುವವರಿದ್ದಾರೆ. ಆಯಿಲನ್ನು ಅವು ಕರಗಿಸುತ್ತವೆ ನಿಜ. ಆದರೆ ನೀರಿನ ಹೋಸ್ ಮಾಡುವುದು ಇಪಿಡಿಎಂ ಅನ್ನುವ ರಬ್ಬರಿನಿಂದ. ನೀರಿಗೂ ಕೂಲೆಂಟಿಗೂ ಅದು ವರ್ಷಗಟ್ಟಲೆ ಜಗ್ಗುವುದಿಲ್ಲ, ಪೆಟ್ರೋಲಿಯಂ ಎಣ್ಣೆ ತಾಗಿದರೆ ಹೀರಿಕೊಂಡು ಊದುತ್ತದೆ. ಇಂಜಿನ್ ಆಯಿಲಿಗಿಂತ ಸೀಮೆಎಣ್ಣೆ ಇನ್ನೂ ಬೇಗ ಒಳಗಿಳಿಯುತ್ತದೆ. ಬಿಸಿ ಇಂಜಿನ್ ಮೇಲೆ ಚೆಲ್ಲಿದರೆ ಬೆಂಕಿಯ ಭಯ ಬೇರೆ. ಕೊನೆಯಲ್ಲಿ ಸೀಮೆಎಣ್ಣೆಯ ಪಸೆ ಒಳಗೇ ಉಳಿಯುತ್ತದೆ, ಅದನ್ನು ತೊಳೆಯಲು ಹೇಗೂ ಸೋಪು ಬೇಕು.

ಸೋಪು ಅಂದರೆ ಪಾತ್ರೆ ತೊಳೆಯುವ ಲಿಕ್ವಿಡ್ ಅಲ್ಲ. ಅದರ ನೊರೆಯನ್ನು ವಾಟರ್ ಪಂಪ್ ತಳ್ಳಲಾರದು. ನೊರೆ ತುಂಬಿದ ಕಡೆ ಲೋಹಕ್ಕೆ ನೀರು ತಾಗುವುದಿಲ್ಲ, ಗೇಜಿನ ಸೆನ್ಸರ್ ನೊರೆಯಲ್ಲಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ರೇಡಿಯೇಟರ್ ಅಂಗಡಿಯ ಕಾಸ್ಟಿಕ್ ತೊಟ್ಟಿಯೂ ಈ ಗಾಡಿಗೆ ಆಗುತ್ತಿರಲಿಲ್ಲ. ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರ್ ಅದನ್ನು ತಡೆದುಕೊಳ್ಳುತ್ತಿತ್ತು, ಇದು ಅಲ್ಯೂಮಿನಿಯಂ, ಕಾಸ್ಟಿಕ್ ಸೋಡಾ ಅದನ್ನು ತಿಂದುಹಾಕುತ್ತದೆ. ನಾವು ತಂದದ್ದು ಫ್ರಂಟ್ ಲೋಡ್ ವಾಷಿಂಗ್ ಮೆಷಿನ್ನಿಗೆ ಹಾಕುವ, ನೊರೆ ಕಡಿಮೆ ಬರುವ ಪುಡಿ.

ಮೊದಲ ದಿನ ಪುಡಿ ಮುಟ್ಟಲೇ ಇಲ್ಲ. ಥರ್ಮೋಸ್ಟಾಟ್ ತೆಗೆದು ಬದಿಗಿಟ್ಟೆವು, ಇಲ್ಲದಿದ್ದರೆ ಇಂಜಿನ್ ಕಾಯುವವರೆಗೆ ನೀರು ರೇಡಿಯೇಟರ್ ಕಡೆ ಹೋಗುವುದೇ ಇಲ್ಲ. ರೇಡಿಯೇಟರ್ ಕೆಳಗಿನ ಕಾಕ್ ಜೊತೆಗೆ ಬ್ಲಾಕಿನ ಪ್ಲಗ್ಗನ್ನೂ ಬಿಚ್ಚಿದೆವು. ಈ ಪ್ಲಗ್ ಬಿಚ್ಚದವರೇ ಹೆಚ್ಚು, ಹಾಗಾಗಿ ಬ್ಲಾಕಿನ ತಳದ ಕೊಳೆ ಅಲ್ಲೇ ಉಳಿಯುತ್ತದೆ. ಬಿಸಿನೀರು ತುಂಬಿ, ರೇಡಿಯೇಟರ್ ಮುಂದೆ ರಟ್ಟು ಕಟ್ಟಿ, 60 ಡಿಗ್ರಿ ದಾಟುವವರೆಗೆ ಓಡಿಸಿ, ಬಿಸಿಯಿರುವಾಗಲೇ ಇಳಿಸಿದೆವು. ಎರಡು ಸಲ. ಬಿಸಿಯಿದ್ದರೆ ಆಯಿಲ್ ತೆಳ್ಳಗಾಗಿ ನೀರಿನ ಜೊತೆ ಬರುತ್ತದೆ, ಆರಲು ಬಿಟ್ಟರೆ ಮತ್ತೆ ಗೋಡೆಗೆ ಕೂರುತ್ತದೆ. ಖಾಲಿಯಾದ ಬಿಸಿ ಇಂಜಿನ್ನಿಗೆ ತಣ್ಣೀರು ಸುರಿಯಬೇಡ ಅಂತ ಹುಡುಗನಿಗೆ ಮೂರು ಸಲ ಹೇಳಿದೆ. ಹೆಡ್ ಬಿರುಕು ಬಿಡಲು ಅಷ್ಟು ಸಾಕು.

ಬರೀ ನೀರಿನಲ್ಲಿ ಮೊದಲು ತೊಳೆಯಲು ಇನ್ನೊಂದು ಕಾರಣ ಇದೆ. ಸೋಪು ತಾಗದ ಆಯಿಲ್ ಡ್ರಮ್ಮಿನಲ್ಲಿ ಎರಡು ದಿನ ಬಿಟ್ಟರೆ ಬಹುಪಾಲು ಮೇಲೆ ತೇಲುತ್ತದೆ, ಸೌಟಿನಲ್ಲಿ ತೆಗೆಯಬಹುದು. ಸೋಪು ಬೆರೆತರೆ ಹಾಲಿನಂತೆ ಒಂದಾಗಿ, ಬೇರೆಯಾಗುವುದೇ ಇಲ್ಲ. ಹಳೆಯ ಆಯಿಲ್ ಅಪಾಯಕಾರಿ ತ್ಯಾಜ್ಯ, 2016ರ ನಿಯಮದ ಪ್ರಕಾರ ಅನುಮತಿ ಪಡೆದ ಮರುಬಳಕೆಯವರಿಗೇ ಕೊಡಬೇಕು. ನಿಯಮ ಇರಲಿ, ನಮ್ಮ ಸೀಮೆಯ ಹಳ್ಳಗಳು ಸೇರುವುದು ಯಗಚಿ, ಹೇಮಾವತಿಗೆ. ಗೊರೂರು ಡ್ಯಾಮಿನ ನೀರು ಕುಡಿಯುವವರು ನಾವೇ. ಗ್ಯಾರೇಜಿನ ಹಿಂದಿನ ಚರಂಡಿಗೆ ಒಂದು ಚೆಂಬು ಕೂಡ ಬಿಡಲಿಲ್ಲ. ತೇಲಿದ ಆಯಿಲ್ ಒಂದು ಡ್ರಮ್ಮಿಗೆ, ಸೋಪಿನ ನೀರು ಬೇರೆ ಡ್ರಮ್ಮಿಗೆ ತುಂಬಿ, ಎರಡನ್ನೂ ಅಂಥವರಿಗೇ ಕೊಟ್ಟೆವು.

ಎರಡನೇ ದಿನ ಪುಡಿ. ಈ ಇಂಜಿನ್ನಿಗೆ ಹಿಡಿಯುವುದು 24 ಲೀಟರ್. ಅರ್ಧ ಕಿಲೋ ಪುಡಿಯನ್ನು ಬಕೆಟ್ ಬಿಸಿನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ ಹಾಕಿದೆವು. ಕರಗದ ಕಾಳು ರೇಡಿಯೇಟರ್ ಕೊಳವೆಯಲ್ಲಿ ಸಿಕ್ಕಿಕೊಳ್ಳಬಾರದು. ಕುತ್ತಿಗೆಯವರೆಗೆ ತುಂಬದೆ ನೊರೆಗೆ ಜಾಗ ಬಿಟ್ಟೆವು. ಅರ್ಧ ಗಂಟೆ, ಒಮ್ಮೆ ರೇಸ್, ಒಮ್ಮೆ ಐಡಲ್, ಕಣ್ಣು ಗೇಜಿನ ಮೇಲೆ. ಇಳಿಸಿದಾಗ ಬಂದದ್ದು ಬೆಲ್ಲದ ಕಾಫಿಯ ಬಣ್ಣ. ಇಂಥ ಪುಡಿಯಲ್ಲಿ ಕ್ಷಾರ ಇರುವುದರಿಂದ ಅಲ್ಯೂಮಿನಿಯಂ ಒಳಗೆ ರಾತ್ರಿಯಿಡೀ ಬಿಡಬಾರದು. ಕೂಡಲೇ ಇಳಿಸಿ ಮತ್ತೊಂದು ಸುತ್ತು. ಮೂರು ಸುತ್ತಿಗೆ ಬಣ್ಣ ಅಕ್ಕಿ ತೊಳೆದ ನೀರಿನಂತಾಯಿತು. ಹೆಚ್ಚಾದ ನೀರು ಸೇರುವ ಪ್ಲಾಸ್ಟಿಕ್ ಡಬ್ಬವನ್ನು ಬಿಚ್ಚಿ ಕೈಯಲ್ಲೇ ಉಜ್ಜಿದೆವು. ರೇಡಿಯೇಟರ್ ಇಳಿಸಿ ತಲೆಕೆಳಗು ಮಾಡಿ, ಪೈಪಿನ ಸಾದಾ ಒತ್ತಡದಲ್ಲಿ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟೆವು.

ಸಾಕೋ ಸಾಲದೋ ಅಂತ ತೀರ್ಮಾನಿಸಿದ್ದು ಬಾಟಲಿಯಿಂದ. ಪ್ರತಿ ಸಲ ಇಳಿಸಿದ ನೀರನ್ನು ಅರ್ಧ ಬಾಟಲಿ ಹಿಡಿದು, ಜೋರಾಗಿ ಕುಲುಕಿ, ಕಿಟಕಿಯ ಮೇಲೆ ಸಾಲಾಗಿ ಇಟ್ಟೆವು. ಹತ್ತು ನಿಮಿಷದ ನಂತರ ಕುತ್ತಿಗೆಯ ಹತ್ತಿರ ಕಂದು ಉಂಗುರ ಉಳಿದರೆ ಆಯಿಲ್ ಇದೆ, ಬಿಳಿ ನೊರೆ ಉಳಿದರೆ ಸೋಪು ಇದೆ. ಬರೀ ನೀರಿನಲ್ಲಿ ನಾಲ್ಕು ಸಲ ತೊಳೆದ ಮೇಲೆ ಎರಡೂ ಇಲ್ಲದ ಬಾಟಲಿ ಸಿಕ್ಕಿತು.

ಮೂರನೇ ದಿನ ಹೊಸ ಥರ್ಮೋಸ್ಟಾಟ್, ಹೊಸ ಕ್ಯಾಪ್, ಮೇಲಿನ ಹೋಸ್. ಕೆಳಗಿನ ಹೋಸ್ ಮುಟ್ಟಿ ನೋಡಿದರೆ ಗಟ್ಟಿಯಾಗಿಯೇ ಇತ್ತು, ಒಳಗೆ ತಂತಿಯ ಸುರುಳಿ ಇರುವ ಉದ್ದನೆಯ ಹೋಸ್, ಹಾಸನದ ಅಂಗಡಿಗಳಲ್ಲಿ ಅವತ್ತು ಸಿಗಲಿಲ್ಲ. ಇರಲಿ ಅಂತ ಅದನ್ನೇ ತೊಳೆದು ಹಾಕಿದೆ. ಆ ತೀರ್ಮಾನ ನನ್ನದೇ, ಅದು ತಪ್ಪಾಗಿತ್ತು. ಚೇಂಬರಿನ ಆಯಿಲ್ ಮತ್ತು ಫಿಲ್ಟರ್ ಬದಲಿಸಿದೆವು, ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬದಲಿಸಬೇಕು ಅಂತ ಹೇಳಿಟ್ಟೆ. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ. ತೊಳೆದ ನೀರು ಎಷ್ಟು ಇಳಿಸಿದರೂ ಬ್ಲಾಕಿನಲ್ಲಿ ನಾಲ್ಕೈದು ಲೀಟರ್ ಉಳಿದೇ ಇರುತ್ತದೆ, ಹಾಗಾಗಿ ಬೆರೆಸಿ ತುಂಬಿದರೆ ತೆಳ್ಳಗಾಗುತ್ತದೆ. ಮೊದಲು 12 ಲೀಟರ್ ಕೂಲೆಂಟನ್ನೇ ಸುರಿದು, ಮಿಕ್ಕದ್ದನ್ನು ಡಿಸ್ಟಿಲ್ಡ್ ವಾಟರಿನಿಂದ ತುಂಬಿದೆವು. ನೆಲಕ್ಕೆ ಚೆಲ್ಲಿದ್ದನ್ನು ಕೂಡಲೇ ಒರೆಸಿದೆವು. ಕೂಲೆಂಟ್ ಸಿಹಿ, ನಾಯಿ ನೆಕ್ಕುತ್ತದೆ, ವಿಷ.

ನಾಲ್ಕನೇ ದಿನದ ಫೋನು

"ಮೇಸ್ತ್ರಿ, ಮತ್ತೆ ಆಯಿಲ್ ಬಂದದೆ." ಮಂಗಳೂರಿಂದ ಡ್ರೈವರಣ್ಣ. ಹೀಟ್ ಆಗಿಲ್ಲ, ಆದರೆ ಬೆಳಿಗ್ಗೆ ಕ್ಯಾಪ್ ತೆಗೆದಾಗ ಮೇಲೆ ಕಾಮನಬಿಲ್ಲಿನ ಪೊರೆ. ಓನರ್ ಫೋನು ಅದರ ಹಿಂದೆಯೇ. ಅವರ ದನಿಯಲ್ಲಿದ್ದ ನೋವು ನನಗೆ ಚೆನ್ನಾಗಿ ಅರ್ಥವಾಯಿತು. ಒಂದೇ ಕೆಲಸಕ್ಕೆ ಎರಡು ಗ್ಯಾರೇಜಿಗೆ ದುಡ್ಡು ಕೊಟ್ಟಿದ್ದರು.

ಹಳೆಯ ಆಯಿಲ್ ಉಳಿದಿದೆಯೋ, ಹೊಸದಾಗಿ ಸೋರುತ್ತಿದೆಯೋ? ಗಾಡಿ ಬಂದ ಮೇಲೆ ಮೊದಲು ಗೇಜ್ ಕಡ್ಡಿ ನೋಡಿದೆ. ಸಮತಟ್ಟಿನಲ್ಲಿ ನಿಲ್ಲಿಸಿ ಕಳಿಸುವಾಗ ಎಲ್ಲಿತ್ತೋ ಅಲ್ಲೇ ಇತ್ತು. ಬಿಳಿ ಬಟ್ಟೆಯನ್ನು ಕೂಲೆಂಟಿನ ಮೇಲೆ ಹಾಸಿ ತೆಗೆದೆ. ಕೂಲರ್ ಸೋರುವಾಗ ಬಂದದ್ದು ಕಪ್ಪು, ದಪ್ಪ. ಇದು ತೆಳು ಹಳದಿ, ಮೂಗಿಗೆ ಹಿಡಿದರೆ ಸೀಮೆಎಣ್ಣೆಯ ವಾಸನೆ. ಇಂಜಿನ್ ಆಯಿಲಿಗೆ ಆ ವಾಸನೆ ಇಲ್ಲ. ಈ ಗಾಡಿಯ ನೀರಿಗೆ ಸೀಮೆಎಣ್ಣೆ ಬಿದ್ದು ಎರಡು ತಿಂಗಳಾಗಿತ್ತು. ಮೂರು ಸುತ್ತು ಸೋಪು, ಆರು ಸುತ್ತು ನೀರು ದಾಟಿ ಅದು ಎಲ್ಲಿ ಅಡಗಿ ಕೂತಿತ್ತು?

ಕೆಳಗಿನ ಹೋಸ್ ಬಿಚ್ಚಿ ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಹೊರಗಿನ ಪದರ ಗಟ್ಟಿ, ಒಳಗಿನದು ಕೊಳೆತ ಪರಂಗಿ ಹಣ್ಣಿನ ಹಾಗೆ. ಹೆಬ್ಬೆರಳಿನಿಂದ ಒತ್ತಿದರೆ ರಬ್ಬರಿನ ಮೈಯಿಂದ ಬೆವರಿನಂತೆ ಹನಿ ಹನಿಯಾಗಿ ಎಣ್ಣೆ ಬಂತು. ಸೋಪು ತೊಳೆಯುವುದು ಮೇಲ್ಮೈಯನ್ನು. ರಬ್ಬರ್ ಕುಡಿದು ಇಟ್ಟುಕೊಂಡದ್ದು ಬಿಸಿಯಾದಾಗಲೆಲ್ಲ ವಾಪಸ್ ಜಿನುಗುತ್ತಿತ್ತು. ಓನರನ್ನು ಕರೆದು ಅವರ ಬೆರಳಿನಿಂದಲೇ ಒತ್ತಿಸಿದೆ. "ಇದನ್ನ ಅವತ್ತೇ ಬದಲಾಯಿಸ್ಬೇಕಿತ್ತು ಗೌಡ್ರೆ, ನಾನು ಬಿಟ್ಟೆ" ಅಂದೆ. ಅವರು ಬೆರಳನ್ನು ಪಂಚೆಗೆ ಒರೆಸಿಕೊಂಡು, "ಹೊಸದು ತರ್ಸಿ" ಅಂದರು.

ಬೆಂಗಳೂರಿನಿಂದ ಹೋಸ್ ಬರಲು ಒಂದು ದಿನ. ಅದರ ಜೊತೆ ಡಬ್ಬಕ್ಕೆ ಹೋಗುವ ಸಣ್ಣ ಪೈಪುಗಳನ್ನೂ ಕಂಪ್ರೆಸರಿನ ನೀರಿನ ಪೈಪುಗಳನ್ನೂ ಬದಲಿಸಿದೆವು. ಪುಡಿಯ ಒಂದು ಸುತ್ತು, ನೀರಿನ ಮೂರು ಸುತ್ತು, ಹೊಸ ಕೂಲೆಂಟ್. ಈ ಸಲದ ಕೂಲಿ ಮತ್ತು ಕೂಲೆಂಟ್ ನನ್ನದು, ಹೋಸ್‌ಗಳ ದುಡ್ಡು ಓನರದು.

ಆಮೇಲೆ ಆ ಗಾಡಿ ಆರು ಸಲ ಮಂಗಳೂರಿಗೆ ಹೋಗಿ ಬಂದಿದೆ. ಪ್ರತಿ ಸಲ ವಾಪಸ್ ಬಂದ ಮರುದಿನ ಬೆಳಿಗ್ಗೆ, ಸ್ಟಾರ್ಟ್ ಮಾಡುವ ಮೊದಲು, ಡ್ರೈವರಣ್ಣ ಕ್ಯಾಪ್ ತೆಗೆದು ಬಿಳಿ ಬಟ್ಟೆ ಅದ್ದಿ ನೋಡುತ್ತಾನೆ. ಡಬ್ಬದ ಪ್ಲಾಸ್ಟಿಕ್ಕಿಗೆ ಹಿಡಿದ ಹಳದಿ ಕಲೆ ಹೋಗಿಲ್ಲ, ಹೋಗುವುದೂ ಇಲ್ಲ. ಬಟ್ಟೆಗೆ ಹತ್ತುವುದು ಕೂಲೆಂಟಿನ ಹಸಿರು ಮಾತ್ರ. ಮಾರನಹಳ್ಳಿಯಲ್ಲಿ ಈಗ ಅವನು ನಿಲ್ಲಿಸುವುದು ಟೀಗೆ.